ಸಂಶೋಧನೆಗೆ ಮೊದಲು ಒಂದು ಅರ್ಜಿ

(ಮಂಗಳೂರಿನ ಕಾಲೇಜು ಅಧ್ಯಾಪಕರಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



‘ಅರ್ಜಿ’ ಎಂದೊಡನೆ ಕಣ್ಣೆದುರು ನಿಲ್ಲುವುದು ತಾಲೂಕು ಕಚೇರಿಯ ಜಗಲಿ, ಕೈಯಲ್ಲಿ ಮಡಚಿದ ಕಾಗದ, ಕೊನೆಗೆ ‘ತಮ್ಮ ವಿಧೇಯ’ ಎಂಬ ಒಕ್ಕಣೆ. ಬೇಡುವವನು ಕೆಳಗೆ, ಕೊಡುವವನು ಮೇಲೆ. ಸಂಶೋಧನೆಗೆ ಹಣ ಕೇಳಿ ವಿಶ್ವವಿದ್ಯಾನಿಲಯಗಳಿಂದ ಹೋಗುವ ಪ್ರಸ್ತಾವನೆಗಳನ್ನೂ ಎಷ್ಟೋ ಮಂದಿ ಇದೇ ಧಾಟಿಯಲ್ಲಿ ಬರೆಯುತ್ತಾರೆ. ವಿಷಯ ಮಹತ್ವದ್ದು, ದೇಶಕ್ಕೆ ಉಪಯುಕ್ತವಾದುದು, ಆದ್ದರಿಂದ ದಯವಿಟ್ಟು ಹಣ ಮಂಜೂರು ಮಾಡಬೇಕು ಎಂದು. ಅಂಥ ಅರ್ಜಿ ಸಾಮಾನ್ಯವಾಗಿ ಮೊದಲ ಸುತ್ತಿನಲ್ಲೇ ಹಿಂದಿರುಗುತ್ತದೆ. ಏಕೆಂದರೆ ಅದನ್ನು ಓದುವವನು ಅಧಿಕಾರಿಯಲ್ಲ. ಎಲ್ಲೋ ದೂರದ ಊರಿನಲ್ಲಿ ಕುಳಿತಿರುವ ಇನ್ನೊಬ್ಬ ಅಧ್ಯಾಪಕ. ಅವನಿಗೆ ಬೇಕಾದುದು ಮೂರೇ ಸಂಗತಿ: ಪ್ರಶ್ನೆ ಏನು, ಅದನ್ನು ಇವರೇ ಏಕೆ ಕೇಳಬೇಕು, ಈಗಲೇ ಏಕೆ ಕೇಳಬೇಕು. ಮೊದಲನೆಯದಕ್ಕೆ ಎಲ್ಲರೂ ಹೇಗೋ ಉತ್ತರ ಬರೆಯುತ್ತಾರೆ. ಉಳಿದೆರಡರಲ್ಲಿ ಎಡವುತ್ತಾರೆ. ಈ ಎರಡಕ್ಕೂ ಒಳ್ಳೆಯ ಉತ್ತರ ಹೇಗಿರುತ್ತದೆ ಎಂಬುದಕ್ಕೆ ಮಂಗಳೂರಿನ ಆಸುಪಾಸಿನಲ್ಲಿಯೇ ನಿದರ್ಶನವಿದೆ.

ನೇತ್ರಾವತಿಯ ಸೇತುವೆ ದಾಟಿದರೆ ಉಳ್ಳಾಲ. ರಾಣಿ ಅಬ್ಬಕ್ಕನ ಊರು, ಸಯ್ಯಿದ್ ಮದನಿ ದರ್ಗಾದ ಊರು. ಅಲ್ಲಿನ ಕಡಲತೀರದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜದ ಅಂಶವಿದೆ. ಮೊನಜೈಟಿನಲ್ಲಿ ಥೋರಿಯಂ ಇರುವುದರಿಂದ ಅದು ಸ್ವಾಭಾವಿಕವಾಗಿಯೇ ವಿಕಿರಣವನ್ನು ಹೊರಸೂಸುತ್ತದೆ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಯ ಮರಳು ಇದಕ್ಕಾಗಿ ಬಹಳ ಹಿಂದೆಯೇ ಪ್ರಸಿದ್ಧವಾಗಿತ್ತು. ಉಳ್ಳಾಲದ ಮರಳಿನ ವಿಷಯವನ್ನು ಅಳೆದು ಹೇಳಿದವರು ಅಲ್ಲಿಂದ ಕೆಲವೇ ಮೈಲಿ ದೂರದ ಕೊಣಾಜೆ ಗುಡ್ಡದ ಮೇಲಿದ್ದ ಮಂಗಳೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು. ರಾಧಾಕೃಷ್ಣ, ಸೋಮಶೇಖರಪ್ಪ, ನಾರಾಯಣ ಮತ್ತು ಸಿದ್ದಪ್ಪ ಈ ನಾಲ್ವರ ಹೆಸರಿನಲ್ಲಿ 1993ರಲ್ಲಿ ‘ಹೆಲ್ತ್ ಫಿಸಿಕ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವು ಭಾರತದ ನೈಋತ್ಯ ಕರಾವಳಿಯಲ್ಲಿ ಸ್ವಾಭಾವಿಕ ವಿಕಿರಣ ಹೆಚ್ಚಿರುವ ಹೊಸದೊಂದು ಪ್ರದೇಶವಿದೆ ಎಂದು ಜಗತ್ತಿಗೆ ತಿಳಿಸಿತು. ಸಂಜೆ ಗಾಳಿ ಸೇವನೆಗೆ ಹೋಗುವ ಮರಳಿನ ದಂಡೆಯೇ ಸಂಶೋಧನೆಯ ವಸ್ತುವಾಯಿತು. (ಇದನ್ನು ಕೇಳಿ ಯಾರೂ ಗಾಬರಿಪಡಬೇಕಿಲ್ಲ. ಆ ಮರಳು ಮನುಷ್ಯ ಹುಟ್ಟುವ ಮೊದಲಿನಿಂದಲೂ ಹಾಗೆಯೇ ಇದೆ.)

ಆಗ ಆ ವಿಶ್ವವಿದ್ಯಾನಿಲಯಕ್ಕೆ ಎಷ್ಟು ವಯಸ್ಸು? ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ 1968ರಲ್ಲಿ ಆರಂಭವಾದ ಮಂಗಳಗಂಗೋತ್ರಿ, ಸ್ವತಂತ್ರ ವಿಶ್ವವಿದ್ಯಾನಿಲಯವಾದದ್ದು 1980ರ ಸೆಪ್ಟೆಂಬರ್ 10ರಂದು. ಹತ್ತು ಹನ್ನೆರಡು ವರ್ಷದ ಮಗು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೋ ಮುಂಬಯಿಯ ಟಾಟಾ ಸಂಸ್ಥೆಯೊಂದಿಗೋ ಯಂತ್ರಗಳಲ್ಲಿ, ಹೆಸರಿನಲ್ಲಿ ಪೈಪೋಟಿ ನಡೆಸುವುದು ಅದಕ್ಕೆ ಸಾಧ್ಯವಿರಲಿಲ್ಲ. ಆದರೆ ಅವರ ಬಳಿ ಇಲ್ಲದ ಒಂದು ವಸ್ತು ಅದರ ಬಳಿ ಇತ್ತು: ಈ ಕರಾವಳಿ. ‘ಇದನ್ನು ಇವರೇ ಏಕೆ ಮಾಡಬೇಕು’ ಎಂಬ ಪ್ರಶ್ನೆಗೆ ಅದಕ್ಕಿಂತ ಗಟ್ಟಿಯಾದ ಉತ್ತರ ಬೇಕಿರಲಿಲ್ಲ.

‘ಈಗಲೇ ಏಕೆ’ ಎಂಬ ಪ್ರಶ್ನೆಗೆ ಉತ್ತರ ಒದಗಿದ್ದು ಕೈಗಾದಿಂದ.

ಉತ್ತರ ಕನ್ನಡದ ಕಾರವಾರ ತಾಲೂಕಿನಲ್ಲಿ, ಕಾಳಿ ನದಿಯ ದಂಡೆಯ ಕಾಡಿನ ನಡುವೆ ಅಣು ವಿದ್ಯುತ್ ಸ್ಥಾವರ ಕಟ್ಟುವ ಕೆಲಸ 1980ರ ದಶಕದ ಕೊನೆಗೆ ಆರಂಭವಾಯಿತು. ಅದರ ವಿರುದ್ಧ ನಡೆದ ಚಳವಳಿ ಕನ್ನಡಿಗರಿಗೆ ಮರೆತಿರಲಾರದು. ಎಂಬತ್ತು ದಾಟಿದ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1989ರಲ್ಲಿ ಪ್ರತಿಭಟನೆಯ ರೂಪದಲ್ಲಿ ಲೋಕಸಭೆ ಚುನಾವಣೆಗೂ ನಿಂತರು. ಸ್ಥಾವರ ಬೇಕೆನ್ನುವವರೂ ಬೇಡವೆನ್ನುವವರೂ ಗಟ್ಟಿಯಾಗಿ ವಾದಿಸುತ್ತಿದ್ದ ಆ ದಿನಗಳಲ್ಲಿ ಎರಡೂ ಕಡೆಯವರಿಗೆ ಸಮಾನವಾಗಿ ಬೇಕಾಗಿದ್ದ ಮಾಹಿತಿ ಒಂದಿತ್ತು. ಸ್ಥಾವರ ಬರುವ ಮುನ್ನ ಅಲ್ಲಿನ ಮಣ್ಣಿನಲ್ಲಿ, ನೀರಿನಲ್ಲಿ, ಎಲೆಯಲ್ಲಿ, ಅಕ್ಕಿಯಲ್ಲಿ ಎಷ್ಟು ವಿಕಿರಣವಿತ್ತು?

ಇದು ಸುಲಭದ ಲೆಕ್ಕವಲ್ಲ. ಬಂಡೆಯಿಂದ ಬರುವ ಸ್ವಾಭಾವಿಕ ವಿಕಿರಣ ಒಂದು. 1950 ಮತ್ತು 60ರ ದಶಕಗಳಲ್ಲಿ ಅಮೆರಿಕ, ರಷ್ಯಾಗಳು ಬಯಲಿನಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳ ದೂಳು ಮಳೆಯೊಡನೆ ಇಳಿದು ಜಗತ್ತಿನ ಎಲ್ಲ ಮಣ್ಣಿನಲ್ಲೂ ಬಿಟ್ಟುಹೋದ ಸೀಸಿಯಂ ಇನ್ನೊಂದು. ಇವೆರಡನ್ನೂ ಮೊದಲೇ ಅಳೆದಿಡದಿದ್ದರೆ, ನಾಳೆ ಸ್ಥಾವರದ ಪಕ್ಕದ ತೋಟದಲ್ಲಿ ಏನಾದರೂ ಸಿಕ್ಕಾಗ ಅದು ಸ್ಥಾವರದ್ದೇ ಅಲ್ಲವೇ ಎಂದು ಹೇಳಲು ಯಾರಿಂದಲೂ ಆಗದು. ಕರಾವಳಿ ಕರ್ನಾಟಕ, ಕೈಗಾ ಮತ್ತು ಗೋವಾದ ಪರಿಸರದಲ್ಲಿರುವ ಸ್ವಾಭಾವಿಕ ಹಾಗೂ ಕೃತಕ ವಿಕಿರಣಶೀಲತೆಯ ಕುರಿತು ಪ್ರೊ. ಕೆ. ಸಿದ್ದಪ್ಪ ಮತ್ತು ಅವರ ಸಹೋದ್ಯೋಗಿಗಳು 1991ರಿಂದ 94ರವರೆಗಿನ ಯೋಜನೆಯೊಂದನ್ನು ಮುಗಿಸಿ ಅಂತಿಮ ವರದಿ ಕೊಟ್ಟರು. ಕೈಗಾದ ಮೊದಲ ರಿಯಾಕ್ಟರ್ ಚಾಲನೆಗೊಂಡದ್ದು 1999ರಲ್ಲಿ. ಅಂದರೆ ಐದು ವರ್ಷ ಮೊದಲೇ ಲೆಕ್ಕ ಸಿದ್ಧವಾಗಿತ್ತು. ಆ ದಿನ ಕಳೆದಿದ್ದರೆ ಎಷ್ಟು ಕೋಟಿ ಸುರಿದರೂ ಆ ಅಂಕಿಯನ್ನು ಮತ್ತೆ ಪಡೆಯಲು ಸಾಧ್ಯವಿರಲಿಲ್ಲ. ಪ್ರಸ್ತಾವನೆಯಲ್ಲಿ ‘ತುರ್ತು’ ಎಂಬ ಪದ ಬಳಸುವವರು ಈ ಉದಾಹರಣೆಯನ್ನು ಎದುರಿಗಿಟ್ಟುಕೊಂಡರೆ ಒಳ್ಳೆಯದು.

ಒಂದು ಪ್ರಶ್ನೆಯನ್ನು ಹಿಡಿದು ಬಿಡದೆ ನಡೆದರೆ ಮುಂದಿನ ಅರ್ಜಿ ಹಗುರವಾಗುತ್ತದೆ. 1995ರಲ್ಲಿ ಕೊಣಾಜೆಗೆ ಮೈಕ್ರೋಟ್ರಾನ್ ಬಂತು. ಎಲೆಕ್ಟ್ರಾನುಗಳನ್ನು 80 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಶಕ್ತಿಗೆ ಏರಿಸುವ ಈ ಯಂತ್ರವನ್ನು ನಿರ್ಮಿಸಿಕೊಟ್ಟದ್ದು ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರ. ಇಂದು ಅದಕ್ಕೆ ಕನ್ನಡಿಗ ವಿಜ್ಞಾನಿ ರಾಜಾ ರಾಮಣ್ಣನವರ ಹೆಸರಿದೆ. ಪಾಲಿಮರ್‌ಗಳಿಂದ ಹಿಡಿದು ಅರೆವಾಹಕಗಳು, ಜೀವಕೋಶಗಳ ಮೇಲೆ ವಿಕಿರಣದ ಪರಿಣಾಮದವರೆಗೆ ನಾನಾ ಅಧ್ಯಯನಗಳು ಅದರಲ್ಲಿ ನಡೆದವು. ಪರಿಸರ ವಿಕಿರಣಶೀಲತೆಯ ಉನ್ನತ ಸಂಶೋಧನಾ ಕೇಂದ್ರವೂ ಅದೇ ಆವರಣದಲ್ಲಿ ಮುಂದೆ ತಲೆಯೆತ್ತಿತು. ಮರಳಿನ ದಂಡೆಯನ್ನು ಅಳೆದ ಅನುಭವ ಇಷ್ಟು ದೂರ ಬಂದಿತು.

ಇದಕ್ಕೆ ವಿರುದ್ಧವಾದ ಕಥೆ ಗಡಿಯಾಚೆ, ಕಾಸರಗೋಡಿನಲ್ಲಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಪಡ್ರೆಯಂಥ ಕನ್ನಡ, ತುಳು ಮಾತಿನ ಹಳ್ಳಿಗಳ ಕೆರೆ, ಸುರಂಗ, ಮನೆಯಂಗಳ ಎಲ್ಲದರ ಮೇಲೂ ಅದು ಬಿತ್ತು. ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಲೂ ಅದೇ ಸಂಕಟ. ಸಿಂಪಡಣೆ ಆರಂಭವಾಗುವ ಮುನ್ನ ಆ ಊರುಗಳ ಮಕ್ಕಳ ಆರೋಗ್ಯ ಹೇಗಿತ್ತು, ನೀರಿನಲ್ಲಿ ಏನಿತ್ತು ಎಂದು ಕೇಳಿ ಯಾರೂ ಪ್ರಸ್ತಾವನೆ ಬರೆದಿರಲಿಲ್ಲ. ಊರಿನ ವೈದ್ಯರೂ ಪತ್ರಕರ್ತರೂ ಕೂಗಿ ಹೇಳಿದ ಬಳಿಕ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಬಂದು ಪಡ್ರೆಯ ಶಾಲಾ ಮಕ್ಕಳನ್ನು ಪರೀಕ್ಷಿಸಿತು. ಹಿಂದಿನ ಅಂಕಿ ಇಲ್ಲದ್ದರಿಂದ ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಡನೆ ಹೋಲಿಸಿ ನೋಡಬೇಕಾಯಿತು. ಆ ವರದಿ ಸಂತ್ರಸ್ತರ ಪರವಾಗಿಯೇ ಇತ್ತು. ಆದರೂ ಸಮಿತಿಯ ಮೇಲೆ ಸಮಿತಿ, ವಾದದ ಮೇಲೆ ಪ್ರತಿವಾದ. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ನಡುವಿನ ಹತ್ತು ವರ್ಷಗಳ ಜಗಳದಲ್ಲಿ ಹೆಚ್ಚಿನ ಪಾಲು ‘ಇದು ಮೊದಲೇ ಇರಲಿಲ್ಲವೆಂದು ಹೇಗೆ ಹೇಳುತ್ತೀರಿ’ ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗಿತು. ಪುತ್ತೂರಿನಲ್ಲೋ ಕಾಸರಗೋಡಿನಲ್ಲೋ ಇದ್ದ ಕಾಲೇಜಿನ ರಸಾಯನ ವಿಜ್ಞಾನದ ಅಧ್ಯಾಪಕರೊಬ್ಬರು 1975ರಲ್ಲಿ ನಾಲ್ಕು ಬಾವಿಗಳ ನೀರನ್ನು ಪರೀಕ್ಷಿಸಲು ಕೆಲವು ಸಾವಿರ ರೂಪಾಯಿ ಕೇಳಿ ಪಡೆದಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ ನೋಡಬಹುದು.

ಸಂಶೋಧನೆಗೆ ದೂರದವರಿಂದ ಹಣ ಪಡೆಯುವ ಪದ್ಧತಿ ಈ ಊರಿಗೆ ಹೊಸತೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ತಮ್ಮ ಕೆಲಸದ ವರದಿಯನ್ನು ಸ್ವಿಟ್ಜರ್ಲೆಂಡಿನ ಸಮಿತಿಗೆ ತಪ್ಪದೆ ಬರೆದು ಕಳುಹಿಸಬೇಕಾಗಿತ್ತು. ಇಂದಿನ ವಾರ್ಷಿಕ ಪ್ರಗತಿ ವರದಿ ಬರೆದು ಬೇಸತ್ತವರು ಆ ಕಾಗದಗಳನ್ನು ನೆನೆದು ಸಮಾಧಾನಪಟ್ಟುಕೊಳ್ಳಬಹುದು. ತುಳು ನಿಘಂಟಿಗಾಗಿ ಕಾಮರರ್ ಎಂಬ ಪಾದ್ರಿ ಸುಮಾರು 2,000 ಶಬ್ದ ಕೂಡಿಹಾಕಿ 1858ರಲ್ಲಿ ತೀರಿಕೊಂಡರು. ಅದನ್ನು ಕೈಗೆತ್ತಿಕೊಂಡ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1886ರಲ್ಲಿ. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಇದೇ ಊರಿನ ಮಿಶನ್ ಮುದ್ರಣಾಲಯದಿಂದ ಹೊರಬಂತು. ಮಂಜೇಶ್ವರದ ಗೋವಿಂದ ಪೈಗಳು ಯಾರಿಗೂ ಅರ್ಜಿ ಬರೆಯದೆ ಸಂಶೋಧನೆ ನಡೆಸಿದರಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಪೈಗಳಿಗೆ ಮನೆತನದ ಅನುಕೂಲವಿತ್ತು. ಅದಿಲ್ಲದವನು ಏನು ಮಾಡಬೇಕು?

ಅವರದೇ ಹೆಸರಿನ ಸಂಶೋಧನ ಕೇಂದ್ರ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಬೆಳೆಯಿತು. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಒಂದು ಕಾಲೇಜಿನ ಆವರಣದಲ್ಲಿ ಎಷ್ಟು ಕಟ್ಟಬಹುದು ಎಂಬುದನ್ನು ತೋರಿಸಿದವರು. ಜಾನಪದ ರಂಗಕಲೆಗಳ ಕೇಂದ್ರಕ್ಕೆ ಅಮೆರಿಕದ ಫೋರ್ಡ್ ಪ್ರತಿಷ್ಠಾನದ ನೆರವು ಬಂತು. ತುಳು ನಿಘಂಟಿನ ಯೋಜನೆ 1979ರಲ್ಲಿ ಆರಂಭವಾಗಿ, ಡಾ. ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ಮೊದಲ ಸಂಪುಟ 1988ರಲ್ಲಿ, ಆರನೆಯದೂ ಕೊನೆಯದೂ ಆದ ಸಂಪುಟ 1997ರಲ್ಲಿ ಪ್ರಕಟವಾಯಿತು. ಒಟ್ಟು ಹದಿನೆಂಟು ವರ್ಷ. ಇಂದು ಯಾವ ಸಂಸ್ಥೆಯ ನಮೂನೆಯಲ್ಲೂ ಹದಿನೆಂಟು ವರ್ಷ ಎಂದು ಬರೆಯಲು ಜಾಗವಿಲ್ಲ; ಮೂರು ವರ್ಷ, ಹೆಚ್ಚೆಂದರೆ ಐದು. ನಿಘಂಟು, ಹಸ್ತಪ್ರತಿ ಸೂಚಿ, ಪಾಡ್ದನ ಸಂಗ್ರಹಗಳಂಥ ದೀರ್ಘ ಕೆಲಸ ಮಾಡುವವರು ಅದನ್ನು ತುಂಡು ಮಾಡಿ, ಪ್ರತಿಯೊಂದು ತುಂಡೂ ತನ್ನಷ್ಟಕ್ಕೆ ಪೂರ್ಣವಾಗಿ ಕಾಣುವಂತೆ ಬರೆಯಬೇಕಾಗುತ್ತದೆ. ಮೂರು ವರ್ಷ ಮುಗಿದು ಮುಂದಿನ ತುಂಡಿಗೆ ಹಣ ಬಾರದಿದ್ದರೆ ಚೀಟಿಗಳ ಪೆಟ್ಟಿಗೆ ಗೆದ್ದಲಿಗೆ ಹೋಗುತ್ತದೆ. ಈ ವ್ಯವಸ್ಥೆಯ ದೊಡ್ಡ ಕುಂದು ಇದು. ಇದಕ್ಕೆ ಅಧ್ಯಾಪಕರನ್ನು ದೂರಿ ಪ್ರಯೋಜನವಿಲ್ಲ.

ಇನ್ನು ಅರ್ಜಿಯ ಅಂಗಾಂಗಗಳ ವಿಚಾರ. ಶೀರ್ಷಿಕೆ, ಸಾರಾಂಶ, ಉದ್ದೇಶಗಳು, ಈ ಹಿಂದೆ ಆಗಿರುವ ಕೆಲಸ, ವಿಧಾನ, ಕಾಲಪಟ್ಟಿ, ಆಯವ್ಯಯ, ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಇವು ಎಲ್ಲ ಕಡೆಯೂ ಒಂದೇ. ಉದ್ದೇಶಗಳು ಮೂರು ನಾಲ್ಕಕ್ಕಿಂತ ಹೆಚ್ಚಾದರೆ ಓದುವವನಿಗೆ ಅನುಮಾನ ಬರುತ್ತದೆ. ‘ಅಧ್ಯಯನ ಮಾಡುವುದು’ ಎಂಬುದು ಉದ್ದೇಶವಲ್ಲ. ಏನನ್ನು ಅಳೆಯುವುದು, ಯಾವ ಎರಡನ್ನು ಹೋಲಿಸುವುದು ಎಂದಿರಬೇಕು. ಹಿಂದಿನ ಕೆಲಸದ ಭಾಗದಲ್ಲಿ ಐವತ್ತು ಲೇಖನಗಳ ಹೆಸರು ಪೋಣಿಸುವವರುಂಟು. ಅದಕ್ಕಿಂತ, ಇಲ್ಲಿಯವರೆಗೆ ಬಂದು ನಿಂತ ದಾರಿ ಎಲ್ಲಿ ಕಡಿದಿದೆ ಎಂದು ತೋರಿಸುವ ಐದು ಸಾಲು ಮೇಲು. ಕೈಯಿಂದ ಸ್ವಲ್ಪ ಖರ್ಚು ಮಾಡಿಯಾದರೂ ಮೊದಲೇ ಮಾಡಿದ ಒಂದು ಸಣ್ಣ ಪ್ರಯೋಗದ ಫಲಿತಾಂಶ ಲಗತ್ತಿಸಿದ್ದರೆ ಅದರ ತೂಕವೇ ಬೇರೆ. ಮನುಷ್ಯರ ರಕ್ತವೋ ಸಂದರ್ಶನವೋ ಬೇಕಾಗುವ ಯೋಜನೆಗೆ ನೈತಿಕ ಸಮಿತಿಯ ಅನುಮತಿ ಕಡ್ಡಾಯ. ಎಷ್ಟೋ ಕಾಲೇಜುಗಳಲ್ಲಿ ಅಂಥ ಸಮಿತಿಯೇ ಇಲ್ಲದಿರುವುದರಿಂದ ಇದನ್ನು ಕೊನೆಯ ವಾರಕ್ಕೆ ಬಿಡಬಾರದು.

ಬಹಳ ಮಂದಿ ಅವಸರದಲ್ಲಿ ಮುಗಿಸುವುದು ಆಯವ್ಯಯದ ಪುಟ. ಓದುವವನು ಮೊದಲು ತಿರುಗಿಸುವುದೂ ಅದನ್ನೇ. ಒಮ್ಮೆ ಮಾತ್ರ ಬರುವ ಖರ್ಚು, ಅಂದರೆ ಯಂತ್ರೋಪಕರಣ. ಮತ್ತೆ ಮತ್ತೆ ಬರುವ ಖರ್ಚು, ಅಂದರೆ ಸಂಶೋಧನ ಸಹಾಯಕರ ವೇತನ, ರಾಸಾಯನಿಕಗಳು, ಪ್ರವಾಸ, ಇತರೆ. ಕೊನೆಗೆ ಸಂಸ್ಥೆಗೆ ಸೇರುವ ಪಾಲು. 2023ರಿಂದ ಕಿರಿಯ ಸಂಶೋಧನ ಸಹಾಯಕರ ಮಾಸಿಕ ವೇತನ 37,000 ರೂಪಾಯಿ, ಹಿರಿಯ ದರ್ಜೆಗೆ ಏರಿದರೆ 42,000. ಎರಡು ವರ್ಷ ಕಿರಿಯ, ಒಂದು ವರ್ಷ ಹಿರಿಯ ಎಂದು ಲೆಕ್ಕ ಹಾಕಿದರೆ ಮೂರು ವರ್ಷಕ್ಕೆ ಒಬ್ಬರಿಗೇ 13,92,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಬೇರೆ. ಹತ್ತು ಲಕ್ಷದ ಯೋಜನೆಯಲ್ಲಿ ಪೂರ್ಣಾವಧಿ ಸಹಾಯಕರನ್ನು ಕೇಳುವವರು ಈ ಗುಣಾಕಾರ ಮಾಡಿರುವುದಿಲ್ಲ. ಹಾಗೆಯೇ, ಮಳೆಗಾಲದಲ್ಲಿ ಕಡಲಿಗಿಳಿದು ನೀರು ತರುತ್ತೇವೆ ಎಂದು ಜೂನ್, ಜುಲೈ ತಿಂಗಳ ಕಾಲಪಟ್ಟಿ ಬರೆದ ಕರಾವಳಿಯ ಅರ್ಜಿಯನ್ನು ದಿಲ್ಲಿಯವರು ಹಿಡಿಯದಿದ್ದರೂ ಕೊಚ್ಚಿಯ ಪರಿಶೀಲಕ ಹಿಡಿದೇ ಹಿಡಿಯುತ್ತಾನೆ.

ಕಂಪ್ಯೂಟರಿನ ಮೂಲಕ ಸಲ್ಲಿಸುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೊನೆಯ ದಿನ ಸಂಜೆ ಎಲ್ಲರೂ ಏಕಕಾಲಕ್ಕೆ ನುಗ್ಗುವುದರಿಂದ ಬಾಗಿಲು ಸಿಕ್ಕಿಬೀಳುತ್ತದೆ ಎಂಬುದು ಎಲ್ಲರ ಅನುಭವ.

ಮಂಜೂರಾತಿ ಆದೇಶ ಬಂದ ಮೇಲೆ ಇನ್ನೊಂದು ಪರೀಕ್ಷೆ. ಹಣ ಕಂತಿನಲ್ಲಿ ಬರುತ್ತದೆ. ಪ್ರತಿ ವರ್ಷ ಖರ್ಚಿನ ಪಟ್ಟಿ, ಹಣಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಆ ಪ್ರಮಾಣಪತ್ರಕ್ಕೆ 12-ಎ ಎಂಬ ನಮೂನೆಯಿದೆ. ಅದರ ಒಂದು ಅಂಕಣ ತಪ್ಪಿದರೂ ಕಡತ ಆರು ತಿಂಗಳು ಮಲಗಬಹುದು. ಸಂಶೋಧನ ಸಹಾಯಕರಾಗಿ ಸೇರಿದ ಹುಡುಗಿಗೆ ನಾಲ್ಕು ತಿಂಗಳು ಸಂಬಳವಿಲ್ಲವೆಂದರೆ ಕಾರಣ ವಿಜ್ಞಾನವಲ್ಲ, ಈ ಅಂಕಣ. ಆದ್ದರಿಂದ ಕಾಲೇಜಿನ ಲೆಕ್ಕಪತ್ರದ ಗುಮಾಸ್ತರನ್ನು ಪ್ರಸ್ತಾವನೆ ಬರೆಯುವ ದಿನವೇ ಪಕ್ಕದಲ್ಲಿ ಕೂರಿಸಿಕೊಳ್ಳುವವರು ಜಾಣರು. ವಿಶ್ವವಿದ್ಯಾನಿಲಯಗಳಿಗೆ ಬರುವ ಸಂಶೋಧನ ಅನುದಾನದ ಮೇಲೂ ತೆರಿಗೆ ಕೇಳಿ ನೋಟೀಸು ಬಂದ ಪ್ರಸಂಗವೂ ಉಂಟು. 2024ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿ ಅದಕ್ಕೆ ವಿನಾಯಿತಿ ಶಿಫಾರಸು ಮಾಡಿದ ಬಳಿಕ ಆ ತಲೆನೋವು ಇಳಿಯಿತು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಹಣ ಎಲ್ಲಿದೆ? ಒಂದು ಕಾಲದಲ್ಲಿ ಪದವಿ ಕಾಲೇಜಿನ ಅಧ್ಯಾಪಕರಿಗೆ ಯು.ಜಿ.ಸಿ.ಯ ಕಿರು ಸಂಶೋಧನ ಯೋಜನೆ ಎಂಬ ಬಾಗಿಲಿತ್ತು. ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಅರ್ಜಿ ಕಳುಹಿಸಿದರೆ ಸಾಕಾಗಿತ್ತು. ಊರ ದೈವಸ್ಥಾನದ ಶಾಸನ, ಬೀಡಿ ಕಟ್ಟುವ ಹೆಂಗಸರ ಆದಾಯ, ಗದ್ದೆಯ ಮೀನು ಇಂಥ ಹತ್ತಿರದ ವಿಷಯಗಳಿಗೆ ಒದಗುತ್ತಿದ್ದ ಹಣ ಅದು. ಆ ಯೋಜನೆಗಳ ಗುಣಮಟ್ಟದ ಬಗ್ಗೆ ಟೀಕೆ ಇತ್ತು. ಟೀಕೆಯಲ್ಲಿ ಹುರುಳೂ ಇತ್ತು. ಆದರೆ 12ನೇ ಪಂಚವಾರ್ಷಿಕ ಯೋಜನೆ 2017ರಲ್ಲಿ ಮುಗಿಯುವುದರೊಂದಿಗೆ ಆ ಬಾಗಿಲು ಮುಚ್ಚಿತು. 2022ರಲ್ಲಿ ಯು.ಜಿ.ಸಿ. ಹೊಸದಾಗಿ ನೇಮಕಗೊಂಡ ಅಧ್ಯಾಪಕರಿಗಾಗಿ 10 ಲಕ್ಷ ರೂಪಾಯಿಯ ಡಿ.ಎಸ್. ಕೊಠಾರಿ ಅನುದಾನ ಪ್ರಕಟಿಸಿತು. ಸಮಾಜವಿಜ್ಞಾನಕ್ಕೆ 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜವಿಜ್ಞಾನ ಸಂಶೋಧನ ಮಂಡಳಿ, ಇತಿಹಾಸಕ್ಕೆ 1972ರ ಇತಿಹಾಸ ಸಂಶೋಧನ ಮಂಡಳಿ ಇವೆ. ರಾಜ್ಯದಲ್ಲಿ ಸಿ.ಎನ್.ಆರ್. ರಾವ್ ಅವರ ಅಧ್ಯಕ್ಷತೆಯಲ್ಲಿ ರೂಪುಗೊಂಡ ವಿಜ್ಞಾನ ಮತ್ತು ತಂತ್ರಜ್ಞಾನ ದಾರ್ಶನಿಕ ಸಮೂಹವು ಕಾಲೇಜುಗಳ ಪ್ರಯೋಗಾಲಯಗಳಿಗೆ ಅನುದಾನ ಕೊಟ್ಟಿದೆ.

ವಿಜ್ಞಾನದ ದೊಡ್ಡ ಗಂಟು ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನದ ಕೈಯಲ್ಲಿದೆ. 2023ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆ ಹಳೆಯ ಎಸ್.ಇ.ಆರ್.ಬಿ.ಯನ್ನು ಒಳಗೊಂಡಿತು, ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು ಹೇಳಲಾಯಿತು. ಅದರಲ್ಲಿ ಹೆಚ್ಚಿನ ಭಾಗ ಸರಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆ. ಈ ಕಾಯ್ದೆ ಬರುವ ಹೊತ್ತಿನಲ್ಲಿ ಅಧಿಕಾರಿಗಳೇ ಮುಂದಿಟ್ಟ ಲೆಕ್ಕದಂತೆ, ಹಳೆಯ ವ್ಯವಸ್ಥೆಯ ಹಣದಲ್ಲಿ ಸುಮಾರು ಶೇ. 65ರಷ್ಟು ಐ.ಐ.ಟಿ.ಯಂಥ ಸಂಸ್ಥೆಗಳಿಗೆ, ಶೇ. 11ರಷ್ಟು ಮಾತ್ರ ರಾಜ್ಯ ವಿಶ್ವವಿದ್ಯಾನಿಲಯಗಳಿಗೆ ಹೋಗುತ್ತಿತ್ತು. ದೊಡ್ಡ ಸಂಸ್ಥೆಯೊಂದನ್ನು ನಡುವೆ ಇಟ್ಟು ಸುತ್ತಲಿನ ವಿಶ್ವವಿದ್ಯಾನಿಲಯಗಳನ್ನು ಅದಕ್ಕೆ ಜೋಡಿಸುವ ಯೋಜನೆ 2024ರಲ್ಲಿ ಬಂದಿದೆ. ಒಳ್ಳೆಯದೇ. ಆದರೆ ಅಲ್ಲಿ ಪ್ರಶ್ನೆಯನ್ನು ಯಾರು ನಿಶ್ಚಯಿಸುತ್ತಾರೆ ಎಂಬುದನ್ನು ನೋಡಬೇಕು. ನಡುವಿನಲ್ಲಿ ಕುಳಿತವರಿಗೆ ಉಳ್ಳಾಲದ ಮರಳು ನೆನಪಾಗುವ ಸಂಭವ ಕಡಿಮೆ.

ಅದೇ ಉಳ್ಳಾಲದಲ್ಲಿ ಈಚೆಗೆ ಕಡಲು ಕೊರೆದು ಮನೆಗಳು ಬಿದ್ದವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ತಡೆದಂಡೆಗಳು ಎದ್ದವು. ಮರಳು ಸ್ಥಳ ಬದಲಿಸಿದಂತೆ ಅದರೊಳಗಿನ ಮೊನಜೈಟ್ ಎಲ್ಲಿಗೆ ಸರಿಯಿತು, ಸೋಮೇಶ್ವರದ ಕಡೆಗೋ, ಕಡಲಿನೊಳಕ್ಕೋ? ಇದನ್ನು ಕೇಳಬಯಸುವ ಅಧ್ಯಾಪಕರಿಗೆ ಹೋಲಿಕೆಗೆ 1993ರ ಅಂಕಿಗಳು ಸಿದ್ಧವಾಗಿವೆ. 1994ರ ಕೈಗಾ ವರದಿಯನ್ನೂ ಈ ಕ್ಷೇತ್ರದ ಲೇಖನಗಳು ಬಹುಕಾಲ ಉಲ್ಲೇಖಿಸುತ್ತ ಬಂದಿವೆ. ಯೋಜನೆ ಮುಗಿದಾಗ ಅಂತಿಮ ವರದಿಯ ಒಂದು ಪ್ರತಿ ಹಣ ಕೊಟ್ಟವರಿಗೆ ಹೋಗುತ್ತದೆ. ಇನ್ನೊಂದು ಪ್ರತಿಯನ್ನು ವಿಭಾಗದ ಬೀರುವಿನಲ್ಲಿ ಬೀಗ ಹಾಕಿಡದೆ, ಕಾಲೇಜಿನ ಗ್ರಂಥಾಲಯದಲ್ಲಿ ಕ್ರಮಸಂಖ್ಯೆ ಹಾಕಿಸಿ ಕಪಾಟಿನಲ್ಲಿ ಇರಿಸಬೇಕು.